ಮಳೆಯ ಹಿಂದೆ ಹೊರಟ ಮಂದೆ

ಸಫಾರಿ ಎಂಬ ಮಾತನ್ನು ಈಗ ನಾವೆಲ್ಲರೂ ಬಲ್ಲೆವು. ಅದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ಅರಬ್ಬಿಯಿಂದ ಅಲ್ಲಿಗೆ ಬಂದಿತು. ನಮ್ಮ ಊರುಗಳಲ್ಲಿ ಉರ್ದು ಬಲ್ಲವರು ಪ್ರಯಾಣಕ್ಕೆ ‘ಸಫರ್’ ಎನ್ನುತ್ತಾರಲ್ಲವೆ, ಎರಡಕ್ಕೂ ಮೂಲ ಒಂದೇ. ಅಲ್ಲಿಯ ಜನ ಬಂಧುಗಳ ಊರಿಗೆ ಹೋಗಿಬರುವುದನ್ನೂ ಸಫಾರಿ ಎಂದೇ ಹೇಳುತ್ತಾರೆ. ಬಂದೂಕು, ಬೇಟೆ, ಅಗಲವಾದ ಟೋಪಿ, ಇವೆಲ್ಲ ಹೊರಗಿನವರು ಆ ಮಾತಿಗೆ ಆಮೇಲೆ ತೊಡಿಸಿದ ವೇಷ. ಇಂದು ನಾನು ನಿಮ್ಮೆದುರಿಗೆ ಹೇಳಬೇಕೆಂದಿರುವುದು ಆ ಮಾತಿನ ಹಳೆಯ ಅರ್ಥಕ್ಕೆ ಸಲ್ಲುವ ಒಂದು ಪ್ರಯಾಣದ ವಿಷಯ. ಪ್ರಯಾಣಿಕರು ಮನುಷ್ಯರಲ್ಲ, ಮೃಗಗಳು. ನಾನು ಅವುಗಳ ಹಿಂದೆ ಎರಡು ಸಲ ಹೋದವನು, ಅಷ್ಟೆ.

ಈ ಮೃಗಕ್ಕೆ ಡಚ್ಚರು ಇಟ್ಟ ಹೆಸರು ವೈಲ್ಡ್‌ಬೀಸ್ಟ್. ಕಾಡುದನವೆಂದು ಅದರ ಅರ್ಥ. ಗ್ನೂ ಎಂದು ಕರೆಯುವುದೂ ಉಂಟು. ಸ್ವಾಹಿಲಿಯಲ್ಲಿ ಅದು ನ್ಯುಂಬು. ಹೇಸರಗತ್ತೆಗೂ ಅಲ್ಲಿ ಅದೇ ಹೆಸರು. ನನ್ನ ಮೋಟಾರಿನ ಸಾರಥಿ ಹಾಗೆಯೇ ಕರೆಯುತ್ತಿದ್ದನಾಗಿ ನನ್ನ ಬಾಯಿಗೂ ಅದೇ ರೂಢಿಯಾಗಿದೆ. ನೋಡುವುದಕ್ಕೆ ಅದು ಚೆಲುವಾದ ಪ್ರಾಣಿಯಲ್ಲ. ಹೆಗಲು ಎತ್ತರ, ಹಿಂಭಾಗ ಇಳಿಜಾರು. ದನದಂತೆ ಕೊಂಬು, ಕುದುರೆಯಂತೆ ಬಾಲ, ಮೇಕೆಯಂತೆ ಗಡ್ಡ. ಬ್ರಹ್ಮನು ಸಂಜೆಯ ಹೊತ್ತಿನಲ್ಲಿ ಉಳಿದ ಚೂರುಗಳನ್ನೆಲ್ಲ ಸೇರಿಸಿ ಮಾಡಿದನೋ ಎನ್ನುವಂತಿದೆ. ಆದರೂ ಅದು ನಮ್ಮ ಕೃಷ್ಣಮೃಗದ ದೂರದ ಬಂಧು. ಒಂದನ್ನು ನೋಡಿದರೆ ನಗು ಬರುತ್ತದೆ. ಲಕ್ಷವನ್ನು ಒಟ್ಟಿಗೆ ನೋಡಿದರೆ ಮಾತು ನಿಂತುಹೋಗುತ್ತದೆ.

ಇವು ಇರುವ ದೇಶ ಟಾಂಜಾನಿಯದ ಉತ್ತರಕ್ಕೂ ಕೆನ್ಯಾದ ದಕ್ಷಿಣಕ್ಕೂ ಹರಡಿರುವ ಹುಲ್ಲುಗಾವಲು. ಟಾಂಜಾನಿಯದ ಕಡೆಯದು ಸೆರೆಂಗೆಟಿ, ಕೆನ್ಯಾದ ಕಡೆಯದು ಮಾಸಾಯಿ ಮಾರಾ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸೆರೆಂಗೆಟಿಯ ವಿಸ್ತಾರ ಇಂದು 14,763 ಚದರ ಕಿಲೋಮೀಟರು. ಮಾರಾ ಅದರ ಹತ್ತರಲ್ಲಿ ಒಂದು ಪಾಲು. ಎರಡು ಸರ್ಕಾರಗಳು, ಎರಡು ಕಾನೂನುಗಳು, ನಡುವೆ ಒಂದು ಗಡಿ. ನ್ಯುಂಬುಗಳಿಗೆ ಈ ಗಡಿಯ ಸುದ್ದಿ ತಿಳಿಯದು. ಅವುಗಳಿಗೆ ತಿಳಿದಿರುವುದು ಎರಡೇ ವಸ್ತುಗಳು, ಮಳೆ ಮತ್ತು ಹುಲ್ಲು.

ನಾನು ಮೊದಲು ಹೋದುದು ಫೆಬ್ರವರಿ ತಿಂಗಳಲ್ಲಿ. ಆರುಷಾ ಪಟ್ಟಣದಿಂದ ಹೊರಟು ಗೊರೊಂಗೊರೊ ಎಂಬ ಆರಿದ ಜ್ವಾಲಾಮುಖಿಯ ಅಂಚನ್ನು ಹತ್ತಿ, ಆ ಕಡೆ ಇಳಿದರೆ ಬಯಲು ಆರಂಭವಾಗುತ್ತದೆ. ಆ ಬಯಲಿನಲ್ಲಿ ಮರವಿಲ್ಲ. ಗೇಣುದ್ದಕ್ಕೂ ಕಡಮೆಯಾದ ಹುಲ್ಲು ಆಕಾಶದ ಅಂಚಿನವರೆಗೆ ಹಾಸಿದೆ. ನೆಲವು ಕೊನೆಯಿಲ್ಲದೆ ಓಡುವ ಜಾಗ ಎಂಬರ್ಥದ ಮಾಸಾಯಿ ಮಾತಿನಿಂದ ಸೆರೆಂಗೆಟಿ ಎಂಬ ಹೆಸರು ಬಂದಿತೆನ್ನುತ್ತಾರೆ. ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಿಲ್ಲ.

ಮರವಿಲ್ಲದಿರುವುದಕ್ಕೂ ನ್ಯುಂಬುಗಳು ಅಲ್ಲಿಗೆ ಬರುವುದಕ್ಕೂ ಕಾರಣ ಒಂದೇ. ಬಯಲಿನ ಪೂರ್ವದಲ್ಲಿ ಓಲ್ ದೊಯಿನ್ಯೊ ಲೆಂಗಾಯಿ ಎಂಬ ಬೆಂಕಿಯ ಬೆಟ್ಟವಿದೆ. ಮಾಸಾಯಿ ಜನರಿಗೆ ಅದು ದೇವರ ಬೆಟ್ಟ. ಸಾವಿರಾರು ವರ್ಷಗಳಿಂದ ಅದೂ ಅದರ ನೆರೆಯ ಬೆಟ್ಟಗಳೂ ಉಗುಳಿದ ಬೂದಿ ಗಾಳಿಯಲ್ಲಿ ತೂರಿಬಂದು ಬಯಲಿನ ಮೇಲೆ ಕೂತಿದೆ. ಬೂದಿ ಮಳೆಯಲ್ಲಿ ನೆನೆದು ಒಣಗಿ, ಮೇಲ್ಮಣ್ಣಿನ ಕೆಳಗೆ ಗಾರೆಯಂತೆ ಗಟ್ಟಿಯಾಗಿದೆ; ಮರದ ಬೇರು ಅದನ್ನು ಭೇದಿಸಲಾರದು. ಆದರೆ ಅದೇ ಬೂದಿಯಲ್ಲಿ ಸುಣ್ಣದಂಶವೂ ರಂಜಕವೂ ಧಾರಾಳವಾಗಿರುವುದರಿಂದ, ಮಳೆ ಬಿದ್ದೊಡನೆ ಮೇಲೆ ಚಿಗುರುವ ಗಿಡ್ಡ ಹುಲ್ಲು ಹಾಲೂಡುವ ತಾಯಿಗೂ ಮೂಳೆ ಬಲಿಯಬೇಕಾದ ಕರುವಿಗೂ ಅಮೃತಪ್ರಾಯವಾಗಿದೆ. ಉತ್ತರದಲ್ಲಿ ನೀರು ಹೆಚ್ಚು, ಹುಲ್ಲೂ ಎತ್ತರ. ಆದರೆ ಸತ್ವದಲ್ಲಿ ಅದು ಇದಕ್ಕೆ ಸಮನಲ್ಲ. ಆದುದರಿಂದಲೇ ನವೆಂಬರಿನ ಮಳೆ ಮೊದಲಾಗುತ್ತಲೂ ಮಂದೆ ದಕ್ಷಿಣಕ್ಕೆ ಧಾವಿಸುತ್ತದೆ. ಮಳೆ ನಿಂತು ಕುಂಟೆಗಳು ಒಣಗಿದೊಡನೆ ಅಲ್ಲಿ ಒಂದು ಹನಿ ನೀರಿರುವುದಿಲ್ಲ. ಆಗ ಹೊರಡಲೇ ಬೇಕು. ಈ ಪ್ರಯಾಣದ ರಹಸ್ಯವೆಲ್ಲ ಇಷ್ಟೆ: ಒಳ್ಳೆಯ ಮೇವಿರುವ ಕಡೆ ವರ್ಷವೆಲ್ಲ ನೀರಿಲ್ಲ, ವರ್ಷವೆಲ್ಲ ನೀರಿರುವ ಕಡೆ ಅಷ್ಟು ಒಳ್ಳೆಯ ಮೇವಿಲ್ಲ.

ನಾವು ಎನ್‌ಡುಟು ಎಂಬ ಸರೋವರದ ಬಳಿ ಬೀಡುಬಿಟ್ಟೆವು. ಅದು ಕರು ಹಾಕುವ ಕಾಲ. ನ್ಯುಂಬುಗಳ ಬಹುಪಾಲು ಕರುಗಳು ಎರಡು ಮೂರು ವಾರಗಳೊಳಗೆ ಹುಟ್ಟಿಬಿಡುತ್ತವೆ. ಇದರಲ್ಲಿ ಒಂದು ಉಪಾಯವಿದೆ. ಸಿಂಹ, ಕತ್ತೆಕಿರುಬ, ಚೀತಾಗಳು ಸುತ್ತಲೂ ಕಾದಿರುತ್ತವೆ. ಕರುಗಳು ವರ್ಷದುದ್ದಕ್ಕೂ ಒಂದೊಂದಾಗಿ ಹುಟ್ಟಿದರೆ ಒಂದೊಂದಾಗಿಯೇ ಅವುಗಳ ಬಾಯಿಗೆ ಬೀಳುತ್ತವೆ. ಲಕ್ಷಗಟ್ಟಲೆ ಒಮ್ಮೆಗೇ ಹುಟ್ಟಿದರೆ ಬೇಟೆಗಾರರ ಹೊಟ್ಟೆ ತುಂಬಿಯೂ ಉಳಿಯುವವು ಬಹಳ. ಒಂದು ಬೆಳಗ್ಗೆ ನಾನು ಗಡಿಯಾರ ಹಿಡಿದು ಒಂದು ಕರುವನ್ನು ನೋಡಿದೆನು. ನೆಲಕ್ಕೆ ಬಿದ್ದಿತು, ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ಎಂಟನೆಯ ನಿಮಿಷಕ್ಕೆ ತಾಯಿಯ ಪಕ್ಕದಲ್ಲಿ ನಡೆಯುತ್ತಿತ್ತು.

ಅದೇ ದಿನ ಮಧ್ಯಾಹ್ನ ಮತ್ತೊಂದನ್ನು ಕಂಡೆವು. ಕಿರುಬಗಳು ಮಂದೆಯನ್ನು ಬೆದರಿಸಿದ್ದವು. ಆ ಗೊಂದಲದಲ್ಲಿ ಒಂದು ಕರು ತಾಯಿಯನ್ನು ಕಳೆದುಕೊಂಡಿತ್ತು. ಅದು ನೇರವಾಗಿ ನಮ್ಮ ಮೋಟಾರಿನ ಹಿಂದೆ ಓಡಿಬರತೊಡಗಿತು. ನನಗೆ ಕರುಣೆಯಾಯಿತು, ಎತ್ತಿ ಗಾಡಿಯೊಳಗೆ ಹಾಕಿಕೊಳ್ಳೋಣವೆ ಎಂದೆನು. ಸಾರಥಿ ಗಾಡಿಯನ್ನು ನಿಲ್ಲಿಸಿ, ಯಂತ್ರವನ್ನೂ ಆರಿಸಿಬಿಟ್ಟನು. ಆತನು ನನ್ನನ್ನು ‘ಮ್ಜೇ’ ಎಂದು ಕರೆಯುತ್ತಿದ್ದನು. ಹಿರಿಯರಿಗೆ ಅಲ್ಲಿ ಸಲ್ಲುವ ಮರ್ಯಾದೆಯ ಮಾತು ಅದು. “ಮ್ಜೇ, ಚಲಿಸುವುದೆಲ್ಲ ತಾಯಿ ಎಂದು ಅದು ತಿಳಿದಿದೆ. ಸಿಂಹ ನಡೆದರೆ ಸಿಂಹದ ಹಿಂದೆಯೂ ಹೋದೀತು. ನಾವು ಕಲ್ಲಿನಂತೆ ಇರೋಣ. ನಮ್ಮ ಮೇಲಿನ ಆಸೆಯನ್ನು ಬಿಟ್ಟರೆ ಮಂದೆಯ ಕಡೆ ತಿರುಗೀತು” ಎಂದನು. ಬಿಸಿಲಿನಲ್ಲಿ ಅರ್ಧ ಗಂಟೆ ಹಾಗೆಯೇ ಕೂತೆವು. ಕರು ಚಕ್ರವನ್ನು ಮೂಸಿತು, ಕೂಗಿತು, ನಮ್ಮ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ದೂರದಲ್ಲಿ ಮಂದೆಯ ಸದ್ದು ಕೇಳಿ ಆ ಕಡೆ ಓಡಿತು. ತಾಯಿ ತನ್ನ ಕರುವನ್ನು ವಾಸನೆಯಿಂದ ಗುರುತಿಸಿ ಅದಕ್ಕೆ ಮಾತ್ರ ಹಾಲು ಕೊಡುತ್ತದೆ. ಆ ಕರುವಿಗೆ ತಾಯಿ ಸಿಕ್ಕಿತೆ ಎಂದು ನೋಡುವ ಭಾಗ್ಯ ನಮಗಿರಲಿಲ್ಲ. ಒಬ್ಬ ಮನುಷ್ಯ ಸುಮ್ಮನೆ ಕೂತಿರುವುದೂ ಒಂದು ಉಪಕಾರವಾಗಬಹುದೆಂದು ಮಾತ್ರ ಆ ದಿನ ತಿಳಿಯಿತು.

ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆ. ಅದು ಮುಗಿಯುತ್ತ ಬಂದಂತೆ ಮಂದೆ ವಾಯವ್ಯಕ್ಕೆ ಸರಿಯುತ್ತದೆ. ಮೇ ಜೂನ್ ತಿಂಗಳಲ್ಲಿ ಹೋರಿಗಳ ಕಾಳಗ. ನಡೆಯುತ್ತ ನಡೆಯುತ್ತಲೇ ಮದುವೆ. ಎಂಟು ತಿಂಗಳು ಚಿಲ್ಲರೆ ಗರ್ಭವನ್ನು ಹೊತ್ತು ಮತ್ತೆ ಫೆಬ್ರವರಿಗೆ ಅದೇ ಬಯಲಿನಲ್ಲಿ ಈಯುವ ಹಾಗೆ ಲೆಕ್ಕ ಕೂಡಿಬಂದಿರುತ್ತದೆ. ಜೂನಿನ ಸುಮಾರಿಗೆ ಗ್ರುಮೆಟಿ ನದಿ. ಜುಲೈಯಿಂದ ಅಕ್ಟೋಬರವರೆಗೆ ಉತ್ತರದ ಮಾರಾ ನದಿಯ ಎರಡು ದಡಗಳು. ನವೆಂಬರಿನಲ್ಲಿ ಮತ್ತೆ ದಕ್ಷಿಣ. ಈ ಸುತ್ತು ಸಾವಿರ ಕಿಲೋಮೀಟರನ್ನೂ ಮೀರುವುದುಂಟು. ಇದಕ್ಕೆ ಮುಂದಾಳು ಇಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೂ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು ಎಂಬ ಏರ್ಪಾಡಿತ್ತು. ಅವನ್ನು ನಡೆಸಲು ಮನುಷ್ಯರು ಬೇಕಾಗಿದ್ದರು. ಇಲ್ಲಿ ಆ ಇಲಾಖೆಯ ಕೆಲಸವನ್ನು ಮೋಡಗಳೇ ಮಾಡುತ್ತವೆ.

ನ್ಯುಂಬುಗಳು ಒಂಟಿಯಾಗಿಯೂ ಹೋಗುವುದಿಲ್ಲ. ಸುಮಾರು 2 ಲಕ್ಷ ಪಟ್ಟೆಕುದುರೆಗಳು, ಲಕ್ಷಗಟ್ಟಲೆ ಥಾಮ್ಸನ್ ಜಿಂಕೆಗಳು ಈ ಯಾತ್ರೆಯಲ್ಲಿ ಪಾಲುದಾರರು. ಎತ್ತರವಾಗಿ ಬಲಿತ ಹುಲ್ಲಿನ ತುದಿಯನ್ನೂ ದಂಟನ್ನೂ ಪಟ್ಟೆಕುದುರೆ ಮೇಯುತ್ತದೆ; ಅದು ಬಿಟ್ಟ ಎಲೆ ನ್ಯುಂಬುವಿಗೆ; ನ್ಯುಂಬು ಕತ್ತರಿಸಿದ ಮೇಲೆ ನೆಲಮಟ್ಟದಲ್ಲಿ ಒಡೆಯುವ ಚಿಗುರು ಪುಟ್ಟ ಜಿಂಕೆಗೆ. ಒಂದೇ ಎಲೆಯಲ್ಲಿ ಮೂರು ಪಂಕ್ತಿ ಊಟ, ಜಗಳವಿಲ್ಲ.

ಎರಡನೆಯ ಸಲ ನಾನು ಹೋದುದು ಆಗಸ್ಟ್ ತಿಂಗಳಲ್ಲಿ, ಸೆರೆಂಗೆಟಿಯ ಉತ್ತರ ತುದಿಯ ಕೊಗಟೆಂಡೆಗೆ. ಸಾರಥಿ ಆತನೇ. ಮಾರಾ ನದಿ ಕೆನ್ಯಾದ ಮಾವು ಎಂಬ ಮಲೆಗಾಡಿನಲ್ಲಿ ಹುಟ್ಟಿ, ಈ ಹುಲ್ಲುಗಾವಲನ್ನು ಹಾದು, ವಿಕ್ಟೋರಿಯಾ ಸರೋವರವನ್ನು ಸೇರುತ್ತದೆ. ಆ ಸೀಮೆಯಲ್ಲಿ ಬೇಸಗೆಯಲ್ಲೂ ಬತ್ತದೆ ಹರಿಯುವ ನದಿ ಅದೊಂದೇ. ದಾಟುವುದನ್ನು ನೋಡಬೇಕೆಂದು ಎರಡು ದಿನ ದಡದಲ್ಲಿ ಕಾದೆವು. ಮಂದೆ ಬರುವುದು, ನೀರನ್ನು ನೋಡುವುದು, ಏನೋ ಶಂಕೆಗೊಂಡು ಹಿಂದಿರುಗುವುದು. ಹೀಗೆ ಎಷ್ಟೋ ಸಲ ಆಯಿತು. ನೀರಿನಲ್ಲಿ ಮರದ ದಿಮ್ಮಿಗಳಂತೆ ಮೊಸಳೆಗಳು ತೇಲುತ್ತಿದ್ದವು.

ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಒಂದು ನ್ಯುಂಬು ನೀರಿಗೆ ಧುಮುಕಿತು. ಅಷ್ಟೆ, ಕಟ್ಟೆ ಒಡೆದಂತಾಯಿತು. ದಡದ ಮಣ್ಣು ಕುಸಿಯುತ್ತಿದೆ, ಧೂಳು ಮುಗಿಲಿಗೆ ಏಳುತ್ತಿದೆ, ಹಿಂದಿನವು ಮುಂದಿನವುಗಳ ಮೇಲೆಯೇ ಬೀಳುತ್ತಿವೆ. ಮೂಗನ್ನು ಮೇಲಕ್ಕೆತ್ತಿ ಗುಟುರು ಹಾಕುತ್ತ ಸಾಲು ಸಾಲಾಗಿ ಈಜುತ್ತಿವೆ. ದಡದಲ್ಲಿ ನಮ್ಮಂತೆಯೇ ಕಾದಿದ್ದ ಮೋಟಾರುಗಳು ಒಂದೊಂದಾಗಿ ಮುಂದಕ್ಕೆ ಸರಿದವು. ನನಗೂ ತಡೆಯಲಾಗಲಿಲ್ಲ. ಸಾರಥಿಯ ಭುಜವನ್ನು ಮುಟ್ಟಿ, ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಎಂದೆನು. ಆತನು ಒಮ್ಮೆ ನನ್ನ ಮುಖವನ್ನು ನೋಡಿ ಗಾಡಿಯನ್ನು ಮುಂದಕ್ಕೆ ತಂದನು. ಹತ್ತು ಹನ್ನೆರಡು ಗಾಡಿಗಳು ಹೀಗೆ ಒತ್ತಿದೊಡನೆ ನೀರಿಗಿಳಿಯುವ ದಾರಿ ಇಕ್ಕಟ್ಟಾಯಿತು. ಮಂದೆ ಬೆದರಿ ನಿಂತಿತು, ತಿರುಗಿತು, ಬಂದ ಹಾದಿಯಲ್ಲೇ ಓಡಿತು. ಅರ್ಧದಷ್ಟು ಆ ದಡದಲ್ಲಿ, ಅರ್ಧದಷ್ಟು ಈ ದಡದಲ್ಲಿ. ಆಮೇಲೆ ಸಂಜೆಯವರೆಗೂ ಆ ಕಡೆಯಿಂದ ತಾಯಿಗಳೂ ಈ ಕಡೆಯಿಂದ ಕರುಗಳೂ ಕೂಗುತ್ತಿದ್ದುದನ್ನು ಕೇಳಿದೆನು. ಸಾರಥಿ ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ನದಿಯಲ್ಲಿ ಸಾಯುವವುಗಳ ಲೆಕ್ಕವನ್ನು ವಿಜ್ಞಾನಿಗಳು ಮಾಡಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,250 ನ್ಯುಂಬುಗಳು ಮುಳುಗಿ ಸಾಯುತ್ತವೆ. ಅವುಗಳ ಒಟ್ಟು ತೂಕ ಹತ್ತು ನೀಲ ತಿಮಿಂಗಿಲಗಳಿಗೆ ಸಮ. ಮೊಸಳೆಗಳು ತಿನ್ನುವುದು ಅದರಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಉಳಿದುದು ಹದ್ದುಗಳಿಗೆ, ಮರಬೂ ಕೊಕ್ಕರೆಗಳಿಗೆ, ಮೀನುಗಳಿಗೆ. ಮೂಳೆಗಳು ಏಳು ವರ್ಷಗಳವರೆಗೆ ತಳದಲ್ಲಿ ನಿಧಾನವಾಗಿ ಕರಗಿ ನದಿಗೆ ಸಾರವನ್ನು ಕೊಡುತ್ತಿರುತ್ತವೆ. ಆ ಮಂದೆಗೆ ಈ ನಷ್ಟ ದೊಡ್ಡದಲ್ಲ. ನದಿಯೂ ಮೊಸಳೆಯೂ ನ್ಯುಂಬುವಿನ ಶತ್ರುಗಳೆಂದು ನಾವು ತಿಳಿಯುತ್ತೇವೆ. ಅವು ಹಳೆಯ ನೆರೆಹೊರೆಯವರು. ಅದನ್ನು ನಿರ್ಮೂಲ ಮಾಡುವುದರಲ್ಲಿದ್ದ ಶತ್ರು ಬೇರೆ. ಅದರ ಕಥೆ ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು.

ನಮ್ಮ ಹಳ್ಳಿಗಳಲ್ಲಿ ಹಿಂದೆ ದನಗಳಿಗೆ ದೊಡ್ಡರೋಗ ಬರುತ್ತಿತ್ತು. ಕೊಟ್ಟಿಗೆಗಳು ಒಂದೇ ವಾರದಲ್ಲಿ ಬರಿದಾಗುತ್ತಿದ್ದವು. ಇಂಗ್ಲಿಷರು ರಿಂಡರ್‌ಪೆಸ್ಟ್ ಎನ್ನುತ್ತಿದ್ದುದು ಅದನ್ನೇ. 1887ರ ಸುಮಾರಿನಲ್ಲಿ ಈ ರೋಗ ಆಫ್ರಿಕದ ಈಶಾನ್ಯ ತೀರದಲ್ಲಿ ಕಾಣಿಸಿಕೊಂಡಿತು. ಇಟಲಿಯ ಸೈನ್ಯಕ್ಕಾಗಿ ಭಾರತದಿಂದ ಹಡಗಿನಲ್ಲಿ ಒಯ್ದ ದನಗಳೊಡನೆ ಹೋಯಿತೆಂದು ಚರಿತ್ರಕಾರರಲ್ಲಿ ಅನೇಕರು ಹೇಳುತ್ತಾರೆ. ಹತ್ತು ವರ್ಷಗಳೊಳಗೆ ಅದು ಆ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ದನವನ್ನೇ ನಂಬಿದ್ದ ಮಾಸಾಯಿ ಜನರು ಆ ಕಾಲವನ್ನು ‘ಎಮುತಾಯಿ’, ಎಂದರೆ ಸರ್ವನಾಶ, ಎಂದು ಇಂದಿಗೂ ನೆನೆಯುತ್ತಾರೆ. ಕಾಡೆಮ್ಮೆಗಳೂ ನ್ಯುಂಬುಗಳೂ ಅದೇ ರೋಗದಿಂದ ಬಿದ್ದವು. ಆಮೇಲೂ ಹಲವು ದಶಕಗಳ ಕಾಲ ನ್ಯುಂಬುವಿನ ಎಳೆಯ ಕರುಗಳು ತಾಯಿಹಾಲಿನ ರಕ್ಷೆ ಮುಗಿಯುತ್ತಲೂ ವರ್ಷ ವರ್ಷವೂ ಸಾಯುತ್ತಿದ್ದವು.

ಮದ್ದಿನ ಚರಿತ್ರೆಯಲ್ಲೂ ಭಾರತಕ್ಕೆ ಪಾಲುಂಟು. ಕುಮಾವೂ ಬೆಟ್ಟಗಳ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ, ರೋಗಾಣುವನ್ನು ಆಡುಗಳ ಮೈಯಲ್ಲಿ ಮೇಲಿಂದ ಮೇಲೆ ಹಾಯಿಸಿ ಅದರ ಬಲವನ್ನು ಕುಗ್ಗಿಸಿ ಲಸಿಕೆಯನ್ನು ಮಾಡಿದರು. ಆಮೇಲೆ ಕೆನ್ಯಾದ ಮುಗುಗ ಎಂಬಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯರು ಕರುವಿನ ಮೂತ್ರಪಿಂಡದ ಜೀವಕಣಗಳಲ್ಲಿ ರೋಗಾಣುವನ್ನು ಬೆಳೆಸಿ, 1960ರ ಸುಮಾರಿಗೆ, ಇನ್ನೂ ಉತ್ತಮವೂ ಅಗ್ಗವೂ ಆದ ಲಸಿಕೆಯನ್ನು ಸಿದ್ಧಗೊಳಿಸಿದರು. ಸೆರೆಂಗೆಟಿಯ ಸುತ್ತಣ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ್ದರ ಫಲವಾಗಿ, ಒಂದು ನ್ಯುಂಬುವಿಗೂ ಸೂಜಿ ಚುಚ್ಚದೆಯೇ 1960ರ ದಶಕದ ಮೊದಲಲ್ಲಿ ಅವುಗಳಿಂದ ರೋಗ ಮಾಯವಾಯಿತು. ದನಗಳಲ್ಲಿ ನೆಲೆಗೊಂಡಿದ್ದ ರೋಗ ಕಾಡುಮೃಗಗಳಿಗೆ ದಾಟುತ್ತಿತ್ತೆಂಬುದು ಇದರಿಂದ ಸಿದ್ಧವಾಯಿತು. 1961ರಲ್ಲಿ ಸುಮಾರು 2.5 ಲಕ್ಷವಿದ್ದ ಮಂದೆ 1977ರ ಹೊತ್ತಿಗೆ 13 ಲಕ್ಷವನ್ನು ಮೀರಿತು. ಅವು ಮೇದು ಹುಲ್ಲು ಕಡಮೆಯಾದುದರಿಂದ ಕಾಡುಕಿಚ್ಚು ಕಡಮೆಯಾಯಿತು. ಕಿಚ್ಚು ಕಡಮೆಯಾದುದರಿಂದ ಸಸಿಗಳು ಉಳಿದು ಮರಗಳಾದವು. ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡುದು 1995ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ಸಾರಿದರು. ಸಿಡುಬನ್ನು ಬಿಟ್ಟರೆ ಮನುಷ್ಯನು ಹೀಗೆ ಅಳಿಸಿಹಾಕಿದ ರೋಗ ಇದೊಂದೇ.

ಈ ಮಂದೆಯ ದಾರಿಯನ್ನು ಜಗತ್ತಿಗೆ ತೋರಿಸಿದವರನ್ನೂ ಇಲ್ಲಿ ನೆನೆಯಬೇಕು. ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮೈಕೇಲ್ 1958ರಲ್ಲಿ, ಪಟ್ಟೆಕುದುರೆಯಂತೆ ಬಣ್ಣ ಬಳಿದ ಚಿಕ್ಕ ವಿಮಾನದಲ್ಲಿ ಹಾರಿ ಮೃಗಗಳನ್ನು ಎಣಿಸಿದರು. ಉದ್ಯಾನಕ್ಕೆ ಆಗ ಹಾಕಬೇಕೆಂದಿದ್ದ ಹೊಸ ಎಲ್ಲೆ ಮೃಗಗಳ ದಾರಿಗೆ ಹೊಂದುವುದಿಲ್ಲವೆಂದು ಕಂಡುಕೊಂಡರು. 1959ರ ಜನವರಿಯಲ್ಲಿ ವಿಮಾನಕ್ಕೆ ಹದ್ದೊಂದು ತಾಗಿ ಮೈಕೇಲ್ ಮಡಿದನು. ಆಗ ಅವನಿಗೆ 24 ವರ್ಷ. ಗೊರೊಂಗೊರೊ ಬೆಟ್ಟದ ಅಂಚಿನಲ್ಲಿ ಅವನ ಸಮಾಧಿಯಿದೆ. 1987ರಲ್ಲಿ ತೀರಿಕೊಂಡ ತಂದೆಯ ಚಿತಾಭಸ್ಮವನ್ನೂ ಅಲ್ಲಿಯೇ ಇಟ್ಟರು. ಅವರು ಮಾಡಿದ ಚಲನಚಿತ್ರದಿಂದ ಸೆರೆಂಗೆಟಿಯ ಹೆಸರು ಮನೆಮನೆಗೂ ಮುಟ್ಟಿತು.

ಆದರೆ ಅದೇ 1959ರಲ್ಲಿ ಮಾಸಾಯಿ ಜನರನ್ನು ಸೆರೆಂಗೆಟಿಯಿಂದ ಎಬ್ಬಿಸಿ ಗೊರೊಂಗೊರೊ ಕಡೆಗೆ ಕಳುಹಿಸಲಾಯಿತೆಂಬುದನ್ನೂ ಮರೆಯತಕ್ಕದ್ದಲ್ಲ. ಆ ಜನ ತಮ್ಮ ದನಗಳೊಡನೆ ಈ ಮೃಗಗಳ ನಡುವೆಯೇ ಬಾಳಿದವರು. ನ್ಯುಂಬುವಿನ ಎಳೆಗರುಗಳಿಂದ ದನಗಳಿಗೆ ತಗಲುವ ಒಂದು ಮಾರಕ ಜ್ವರವಿದೆ; ಅದಕ್ಕೆ ಅಂಜಿ ಅವರು ಕರು ಹಾಕುವ ಕಾಲದಲ್ಲಿ ಆ ಅಮೃತದಂಥ ಹುಲ್ಲನ್ನು ಬಿಟ್ಟು ದೂರ ಸರಿಯುತ್ತಾರೆ. ವರ್ಷದ ಅತ್ಯುತ್ತಮ ಮೇವನ್ನು ಕಾಡುಮೃಗಕ್ಕೆ ಬಿಟ್ಟುಕೊಡುವವರು ಅವರು. ನಾವು ದುಡ್ಡು ಕೊಟ್ಟು ನೋಡಿ ಬರುವವರು. 2022ರಲ್ಲಿ ಲೊಲಿಯಾಂಡೊ ಎಂಬಲ್ಲಿ 1,500 ಚದರ ಕಿಲೋಮೀಟರು ನೆಲಕ್ಕೆ ಎಲ್ಲೆಕಲ್ಲು ಹಾಕಿದಾಗ ಅವರಿಗೂ ಪೊಲೀಸರಿಗೂ ಘರ್ಷಣೆಯಾಗಿ ಪ್ರಾಣಹಾನಿಯೂ ಆಯಿತು. ಮೃಗಕ್ಕೆ ದಾರಿ ಬೇಕು, ನಿಜ. ಆ ದಾರಿಯ ಬೆಲೆಯನ್ನೆಲ್ಲ ಒಂದೇ ಜನದ ಮೇಲೆ ಹೊರಿಸುವುದು ನ್ಯಾಯವಲ್ಲ.

ದಾರಿ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. ಬೋಟ್ಸ್‌ವಾನಾದಲ್ಲಿ 1958ರಲ್ಲಿ ದನದ ರೋಗವನ್ನು ತಡೆಯಲೆಂದು ಕೂಕೆ ಎಂಬ ಉದ್ದನೆಯ ಬೇಲಿಯನ್ನು ಹಾಕಿದರು. ಬರಗಾಲ ಬಂದಾಗ ನೀರಿನ ಕಡೆ ಹೊರಟ ನ್ಯುಂಬುಗಳು ಬೇಲಿಯನ್ನು ದಾಟಲಾರದೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತವು. ಕೆನ್ಯಾದಲ್ಲಿ ಲೊಯಿತಾ ಬಯಲಿಗೂ ಮಾರಾಕ್ಕೂ ನಡುವೆ ಓಡಾಡುತ್ತಿದ್ದ ಬೇರೊಂದು ಮಂದೆ 1977ರಲ್ಲಿ ಸುಮಾರು 1,19,000 ಇತ್ತು. ಅವು ಕರು ಹಾಕುತ್ತಿದ್ದ ಬಯಲು ಗೋಧಿಯ ಹೊಲವಾದ ಮೇಲೆ, ಇಪ್ಪತ್ತು ವರ್ಷಗಳಲ್ಲಿ 22,000ಕ್ಕೆ ಇಳಿಯಿತು. 2010ರಲ್ಲಿ ಸೆರೆಂಗೆಟಿಯ ಉತ್ತರ ಭಾಗವನ್ನು ಅಡ್ಡಹಾಯುವ ಹೆದ್ದಾರಿಯ ಯೋಜನೆ ಬಂದಿತು. 2014ರಲ್ಲಿ ಪೂರ್ವ ಆಫ್ರಿಕದ ನ್ಯಾಯಾಲಯವು ಉದ್ಯಾನದೊಳಗೆ ಡಾಂಬರು ರಸ್ತೆ ಕೂಡದೆಂದು ತೀರ್ಪು ಕೊಟ್ಟಿತು. ಈಚೆಗೆ, 2022 ಮತ್ತು 2023ರ ಉಪಗ್ರಹಚಿತ್ರಗಳನ್ನು ಗಣಕಯಂತ್ರದಿಂದ ಎಣಿಸಿ 2025ರಲ್ಲಿ ಪ್ರಕಟಿಸಿದ ಲೆಕ್ಕವೊಂದರಲ್ಲಿ ನ್ಯುಂಬುಗಳು 6 ಲಕ್ಷಕ್ಕೂ ಕಡಮೆ ಕಂಡಿವೆ. ಬಹುಕಾಲದಿಂದ ನಾವು ನೆಮ್ಮದಿಯಾಗಿ ಹೇಳಿಕೊಂಡು ಬಂದ 13 ಲಕ್ಷದ ಲೆಕ್ಕವನ್ನು ಮತ್ತೆ ಪರೀಕ್ಷಿಸಬೇಕಾಗಿದೆ.

ಶ್ರೋತೃಗಳೇ, ನನಗೆ ಕೊಟ್ಟ ಕಾಲ ಮುಗಿಯುತ್ತ ಬಂದಿತು. ಮಾರಾ ನದಿಯ ದಡದಲ್ಲಿ ನಾನು ಹೇಳಿದ ಮಾತು ಚಿಕ್ಕದು, ‘ಇನ್ನೂ ಸ್ವಲ್ಪ ಹತ್ತಿರ’ ಎಂಬುದು. ಬೇಲಿ ಹಾಕುವವನೂ, ಬಯಲನ್ನು ಉಳುವವನೂ, ರಸ್ತೆಯ ನಕ್ಷೆ ಬರೆಯುವವನೂ ಅದೇ ಮಾತನ್ನು ಹೇಳುತ್ತಾನೆ. ಒಬ್ಬೊಬ್ಬನೂ ಕೇಳುವುದು ಸ್ವಲ್ಪವೇ. ಅವನಿಗೆ ಕಾರಣವೂ ಇರುತ್ತದೆ, ನನಗಂತೂ ಕುತೂಹಲವೊಂದೇ ಇತ್ತು. ಲಸಿಕೆ ಹಾಕಿದ ಕೈ ಮನುಷ್ಯನದೇ, ಬೇಲಿ ಹಾಕಿದ ಕೈಯೂ ಮನುಷ್ಯನದೇ. ಮುಂದೆ ನಿಮ್ಮಲ್ಲಿ ಯಾರಾದರೂ ಆ ದೇಶಕ್ಕೆ ಹೋಗುವುದಾದರೆ, ನೋಡುವುದಕ್ಕೆ ಫೆಬ್ರವರಿಯೂ ಒಳ್ಳೆಯದು, ಆಗಸ್ಟೂ ಒಳ್ಳೆಯದು. ಆದರೆ ಸಾರಥಿ ಗಾಡಿಯನ್ನು ಎಲ್ಲಿ ನಿಲ್ಲಿಸುವನೋ ಅಲ್ಲಿಯೇ ಇರಿ. ಮಂದೆ ದಾಟುವುದಾದರೆ ದಾಟುತ್ತದೆ. ದಾಟದಿದ್ದರೆ ಕಾದಿದ್ದು ಬನ್ನಿ.